ಬಾಡಿ ಕ್ಯಾಮೆರಾ ಕಾಯ್ದೆ: ಯಾವ ಮಾದರಿ ಕೇಳೋಣ?

ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಗಾಡಿ ತಡೆದಾಗ ಪೊಲೀಸರ ಜೊತೆ ಮಾತಿಗೆ ಮಾತು ಬೆಳೆಯಿತು ಅಂದುಕೊಳ್ಳಿ. ಆಮೇಲೆ ಯಾರ ಮಾತು ನಂಬೋದು? ಅದಕ್ಕೇ ಪೊಲೀಸರ ಮೈಮೇಲೆ ಸಿಕ್ಕಿಸುವ ಬಾಡಿ ಕ್ಯಾಮೆರಾ ಬೇಕು. ಕಡ್ಡಾಯ ಮಾಡಿ ಅಂತ ಮನವಿ ಬರೆಯುವವರು ಅಮೆರಿಕದ ಎರಡು ಕಾಯ್ದೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಸೌತ್ ಕ್ಯಾರೊಲಿನಾ ರಾಜ್ಯ 2015ರಲ್ಲೇ ಕಾಯ್ದೆ ತಂದಿತು. ಓಡುತ್ತಿದ್ದ ವಾಲ್ಟರ್ ಸ್ಕಾಟ್ ಎಂಬ ವ್ಯಕ್ತಿಯ ಬೆನ್ನಿಗೆ ಪೊಲೀಸ್ ಅಧಿಕಾರಿಯೊಬ್ಬ ಗುಂಡು ಹಾರಿಸಿದ್ದು ದಾರಿಹೋಕನ ಮೊಬೈಲಿನಲ್ಲಿ ಸೆರೆಯಾಗಿದ್ದೇ ಅದಕ್ಕೆ ದಾರಿ ಮಾಡಿತು. ಆದರೆ ಕಾಯ್ದೆಯಲ್ಲೊಂದು ಷರತ್ತಿದೆ: ಸರ್ಕಾರ ಪೂರ್ತಿ ಹಣ ಕೊಟ್ಟರೆ ಮಾತ್ರ ಕಡ್ಡಾಯ. ನಮ್ಮ ಕಡೆ ಇಂಥ ಷರತ್ತು ಬಂದರೆ ಕಡತ ಅಲ್ಲೇ ಕೂರುತ್ತದೆ, ಅಲ್ವಾ?

ಇಲಿನಾಯ್‌ ರಾಜ್ಯದ ಕಾಯ್ದೆ ಗಟ್ಟಿ. ದೊಡ್ಡ ಊರುಗಳ ಪೊಲೀಸ್ ಇಲಾಖೆಗಳಿಗೆ ಮೊದಲು ಗಡುವು ಇತ್ತು, 2025ರ ಜನವರಿ 1ರಿಂದ ಎಲ್ಲರಿಗೂ ಕಡ್ಡಾಯ. ಸಮವಸ್ತ್ರದಲ್ಲಿ ಕರೆಗೆ ಹೋದಾಗ ಕ್ಯಾಮೆರಾ ಆನ್ ಇರಬೇಕು. ನೊಂದವರು ಕೇಳಿದರೆ ಆಫ್ ಮಾಡಬೇಕು. ಹೆಣ್ಣುಮಕ್ಕಳು ದೂರು ಹೇಳುವಾಗ ಇದು ತುಂಬಾ ಮುಖ್ಯ. ವಿಡಿಯೊ 90 ದಿನ ಇರುತ್ತದೆ. ದೂರು, ಬಂಧನ, ಗುಂಡೇಟು ಇದ್ದರೆ 2 ವರ್ಷ.

ನಮ್ಮಲ್ಲಿ 2024ರ ಜುಲೈ 1ರಿಂದ ಶೋಧ ಮತ್ತು ಜಪ್ತಿಯ ವಿಡಿಯೊ ಕಡ್ಡಾಯ. ರಸ್ತೆಯಲ್ಲಿ ತಡೆದು ಮಾತಾಡಿಸುವುದು ಅದರಲ್ಲಿ ಬರುವುದಿಲ್ಲ.

ನನ್ನನ್ನು ಕೇಳಿದರೆ ಇಲಿನಾಯ್ ಮಾದರಿಯನ್ನೇ ಕೇಳಿ. ಆದರೆ ವಿಡಿಯೊ ಇಡುವ 90 ದಿನದ ಅವಧಿಯನ್ನು ಒಪ್ಪಬೇಡಿ. ಹಳ್ಳಿಯವರು ವಕೀಲರನ್ನು ಹಿಡಿಯುವಷ್ಟರಲ್ಲೇ ಅಷ್ಟು ದಿನ ಮುಗಿದಿರುತ್ತದೆ. ಠಾಣೆಯ ಸಿಸಿಟಿವಿ ವಿಡಿಯೊವನ್ನು 18 ತಿಂಗಳು ಇಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮನವಿಯಲ್ಲಿ ಅದನ್ನೇ ಬರೆಯಿರಿ.