ಮುಂದೆ ಯಾವ ಸರಣಿ ನೋಡುವುದು: ಮೂರು ದಾರಿಗಳ ಹೋಲಿಕೆ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ರಾತ್ರಿ ಟಿ.ವಿ. ಮುಂದೆ ಕೂರುವವರು ನಾಲ್ವರು: ಎಪ್ಪತ್ತು ದಾಟಿದ ಅಮ್ಮ, ನನ್ನ ಹೆಂಡತಿ, ಒಂಬತ್ತನೇ ತರಗತಿಯ ಮಗ ಮತ್ತು ನಾನು. ಊಟವಾದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಅರ್ಧ ಗಂಟೆ ಹುಡುಕಾಟಕ್ಕೇ ಹೋಗುತ್ತಿದ್ದುದರಿಂದ, ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಆಯ್ಕೆಯ ಮೂರು ದಾರಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ನೋಡಿದೆ. ಪ್ರತಿ ದಾರಿಗೆ ಐದು ಸರಣಿ, ಪ್ರತಿ ಸರಣಿಗೆ ಎರಡು ಕಂತು. ಮೂರನೆಯ ಕಂತು ಹಾಕೆಂದು ಮನೆಯವರೇ ಕೇಳಿದರೆ ಆ ಆಯ್ಕೆ ಗೆದ್ದಂತೆ ಎಂದು ಇಟ್ಟುಕೊಂಡೆವು.

ಮೊದಲನೆಯದು, ಚಂದಾ ಕಟ್ಟಿ ಸರಣಿ ನೋಡುವ ಆ್ಯಪ್ ತೆರೆದ ಕೂಡಲೇ ಕಾಣುವ ಶಿಫಾರಸಿನ ಸಾಲುಗಳು. ಐದರಲ್ಲಿ ಗೆದ್ದದ್ದು ಒಂದೇ. ಆದರೆ ತಪ್ಪಿನ ಹೆಚ್ಚಿನ ಪಾಲು ನಮ್ಮದಾಗಿತ್ತು, ಏಕೆಂದರೆ ನಾಲ್ವರೂ ಒಂದೇ ಪ್ರೊಫೈಲ್‌ನಲ್ಲಿ ನೋಡುತ್ತಿದ್ದೆವು. ಅಮ್ಮನ ಪೌರಾಣಿಕ ಧಾರಾವಾಹಿ, ಮಗನ ಜಪಾನಿ ಆನಿಮೆ, ನಾನು ಹತ್ತೇ ನಿಮಿಷಕ್ಕೆ ಬಿಟ್ಟ ಕೊಲೆ ತನಿಖೆಯ ಸರಣಿ ಎಲ್ಲವೂ ಒಬ್ಬನೇ ವೀಕ್ಷಕನ ಅಭಿರುಚಿ ಎಂದು ಲೆಕ್ಕಕ್ಕೆ ಹೋಗುತ್ತಿದ್ದವು. ಪ್ರೊಫೈಲ್‌ಗಳನ್ನು ಬೇರೆ ಮಾಡಿ, ಇಷ್ಟವಾಗದ್ದನ್ನು ನೋಡಿದ ಪಟ್ಟಿಯಿಂದ ತೆಗೆದು, ಇಷ್ಟವಾದದ್ದಕ್ಕೆ ಮೆಚ್ಚುಗೆ ತಿಳಿಸುವ ಹೆಬ್ಬೆರಳಿನ ಚಿಹ್ನೆ ಒತ್ತುತ್ತಾ ಬಂದ ಮೇಲೆ ಇನ್ನೈದು ಸರಣಿಗಳನ್ನು ನೋಡಿದೆವು. ಆಗ ಮೂರು ಗೆದ್ದವು. ಹೊಸದಾಗಿ ಚಂದಾ ಕಟ್ಟುವವರಿಗೆ ನನ್ನ ಮೊದಲ ಮಾತು ಇದೇ: ಪ್ರೊಫೈಲ್ ಬೇರೆ ಮಾಡದೆ ಶಿಫಾರಸನ್ನು ದೂರಬೇಡಿ.

ಈ ಸಾಲುಗಳು ಸರಣಿಯ ಗುಣಮಟ್ಟವನ್ನು ಅಳೆಯುವುದಿಲ್ಲ, ನಾವು ಒತ್ತಿ ನೋಡುತ್ತೇವೆಯೇ ಎಂಬುದನ್ನು ಊಹಿಸುತ್ತವೆ. ಆ ಊಹೆ ಎಷ್ಟು ಕಷ್ಟದ್ದೆಂದರೆ, ತನ್ನ ಲೆಕ್ಕಾಚಾರವನ್ನು ಶೇ. 10ರಷ್ಟು ಉತ್ತಮಪಡಿಸುವವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ನೆಟ್‌ಫ್ಲಿಕ್ಸ್ 2006ರಲ್ಲಿ ಸ್ಪರ್ಧೆ ಏರ್ಪಡಿಸಿತು, ಬಹುಮಾನ ಸಂದದ್ದು 2009ರಲ್ಲಿ. 2017ರಲ್ಲಿ ಅದು ಐದು ನಕ್ಷತ್ರಗಳ ಪದ್ಧತಿಯನ್ನೇ ಕೈಬಿಟ್ಟು ಹೆಬ್ಬೆರಳಿನ ಚಿಹ್ನೆಗೆ ಬಂದಿತು.

ಎರಡನೆಯ ದಾರಿ, ಸಿನಿಮಾ ಮತ್ತು ಸರಣಿಗಳ ಮಾಹಿತಿ ಕೊಡುವ ಐಎಂಡಿಬಿ ಜಾಲತಾಣದ ಅಂಕ. ಇದು ಊಹೆಯಲ್ಲ, ನೋಡಿದವರು ಹತ್ತಕ್ಕೆ ಕೊಟ್ಟ ಅಂಕಗಳ ಒಂದು ಬಗೆಯ ಸರಾಸರಿ. ಎಂಟಕ್ಕಿಂತ ಹೆಚ್ಚು ಅಂಕವಿದ್ದು ಕನಿಷ್ಠ ಹತ್ತು ಸಾವಿರ ಮತ ಬಿದ್ದ ಸರಣಿಗಳನ್ನಷ್ಟೇ ಆರಿಸಿದೆ. ಐದರಲ್ಲಿ ಮೂರನ್ನು ನಾನೂ ಮಗನೂ ಬಿಡದೆ ನೋಡಿದೆವು, ಅಮ್ಮ ಐದಕ್ಕೂ ಎದ್ದು ಹೋದರು. ಅಷ್ಟು ಮತ ಬೀಳುವುದು ಬಹುಪಾಲು ಇಂಗ್ಲಿಷ್, ಹಿಂದಿ ಸರಣಿಗಳಿಗೆ. ಕನ್ನಡದಲ್ಲಿ ಬರುವ ಬೆರಳೆಣಿಕೆಯ ಸರಣಿಗಳು ನನ್ನ ಈ ಜರಡಿಯಲ್ಲಿ ಉಳಿಯಲೇ ಇಲ್ಲ. ಹದಿಹರೆಯದ ಮಕ್ಕಳಿರುವ ಮನೆಗೆ ಮಾತ್ರ ಇದರಿಂದ ಇನ್ನೊಂದು ಉಪಯೋಗವಿದೆ: ಹಿಂಸೆ, ಬೈಗುಳ, ನಗ್ನತೆ ಎಷ್ಟಿದೆ ಎಂಬುದನ್ನು ವಿಂಗಡಿಸಿ ತಿಳಿಸುವ ಪೋಷಕರ ಮಾರ್ಗದರ್ಶಿ ಅಲ್ಲಿ ಸಿಗುತ್ತದೆ.

ಮೂರನೆಯ ದಾರಿ ಕುಂದವಾಡ ಕೆರೆಯ ಏರಿಯ ಮೇಲೆ ಸಿಕ್ಕಿತು. ಬೆಳಗಿನ ನಡಿಗೆಯಲ್ಲಿ ಜೊತೆಯಾಗುವ ನಿವೃತ್ತ ಮೇಷ್ಟ್ರೊಬ್ಬರನ್ನು ಯಾವುದಾದರೂ ಒಳ್ಳೆಯ ಸರಣಿ ಹೇಳಿ ಸಾರ್ ಎಂದು ಕೇಳಿದೆ. ಅವರು ತಕ್ಷಣ ಹೆಸರು ಹೇಳಲಿಲ್ಲ. “ಯಾರ್ಯಾರು ಕೂತು ನೋಡ್ತೀರಿ?” ಎಂದು ಕೇಳಿ, ಸ್ವಲ್ಪ ದೂರ ನಡೆದ ಮೇಲೆ, “ನಿಮ್ಮ ತಂದೆ ಪಂಚಾಯ್ತಿ ಸೆಕ್ರೆಟರಿ ಆಗಿದ್ರಲ್ವಾ?” ಎಂದರು. ಅವರು ಸೂಚಿಸಿದ್ದು, ಪ್ರೈಮ್ ವಿಡಿಯೊದಲ್ಲಿ 2020ರಿಂದ ಬರುತ್ತಿರುವ ‘ಪಂಚಾಯತ್’ ಎಂಬ ಹಿಂದಿ ಸರಣಿಯನ್ನು. ಉತ್ತರ ಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಕಾರ್ಯದರ್ಶಿಯಾಗಿ ಬರುವ ಪಟ್ಟಣದ ಹುಡುಗನ ಕಥೆ ಅದು. ಮೊದಲ ಕಂತಿನಲ್ಲೇ ಕಚೇರಿಯ ಬೀಗದ ಕೈ ಕಳೆದುಹೋಗಿರುತ್ತದೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು, “ನಿಮ್ಮಪ್ಪ ಮೊದಲ್ನೇ ದಿನ ಹೋದಾಗ್ಲೂ ಹಿಂಗೇ ಆಗಿತ್ತು ನೋಡಪ್ಪ, ಬೀಗದ ಕೈ ಗೌಡ್ರ ಮನೇಲಿತ್ತು” ಎಂದರು. ಹಿಂದಿ ಅಷ್ಟಾಗಿ ಬಾರದ ಅವರು ಮೂರನೆಯ ಕಂತನ್ನು ತಾವೇ ಕೇಳಿ ಹಾಕಿಸಿಕೊಂಡರು.

ಮೇಷ್ಟ್ರು ಹೇಳಿದ ಐದರಲ್ಲಿ ನಾಲ್ಕು ಗೆದ್ದವು. ಆ ನಾಲ್ಕರಲ್ಲಿ ‘ಏಕಂ’ ಎಂಬ ಕನ್ನಡ ಸರಣಿಯೂ ಒಂದು. ಕರಾವಳಿಯ ಬಿಡಿ ಕಥೆಗಳ ಈ ಸರಣಿಯನ್ನು ಅದರ ತಂಡ 2024ರಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಿತ್ತು. ಒಂದು ಆ್ಯಪ್‌ನ ಸಾಲುಗಳು ತನ್ನಲ್ಲಿರುವುದನ್ನಷ್ಟೇ ತೋರಿಸುತ್ತವೆ. ಹೀಗೆ ಹೊರಗೆ ನಿಂತ ಸರಣಿ ನಮ್ಮವರೆಗೆ ಬರುವುದು ನೋಡಿದವರ ಬಾಯಿಂದಲೇ.

ಹೆಸರು ಗೊತ್ತಾದ ಮೇಲೆ ಸರಣಿ ಯಾವ ಆ್ಯಪ್‌ನಲ್ಲಿದೆ ಎಂದು ತಿಳಿಯಲು ಜಸ್ಟ್‌ವಾಚ್ ತಾಣವನ್ನು ಬಳಸಿದೆ. ಆ ಕೆಲಸಕ್ಕೆ ಅದು ಸಾಕು.

ಮೇಷ್ಟ್ರ ಆಯ್ಕೆಯಲ್ಲಿ ಸೋತ ಒಂದು ಸರಣಿ ಮಗನಿಗೆಂದು ಕೇಳಿದ್ದು. ಹದಿನಾಲ್ಕರ ಹುಡುಗನ ರುಚಿ ಅವರಿಗೆ ಸಿಗಲಿಲ್ಲ, ನನಗೂ ಸಿಗುವುದಿಲ್ಲ. ಹೀಗಾಗಿ ಈಗ ಮಗ ತನ್ನ ಪ್ರೊಫೈಲ್‌ನ ಸಾಲುಗಳಿಂದ ಆರಿಸುತ್ತಾನೆ, ನಾನು ಪೋಷಕರ ಮಾರ್ಗದರ್ಶಿ ಓದಿ ಒಪ್ಪುತ್ತೇನೆ. ನಾಲ್ವರೂ ಒಟ್ಟಿಗೆ ಕೂರುವ ಶನಿವಾರ ಮತ್ತು ಭಾನುವಾರದ ಸರಣಿಯನ್ನು ಮಾತ್ರ ಮೇಷ್ಟ್ರನ್ನೇ ಕೇಳುತ್ತೇನೆ.