ಗ್ರಾಮರ್ ಅಭ್ಯಾಸದ ಆಪ್, ಎಂಟು ತಿಂಗಳ ಬಳಿಕ: ಪ್ರಶ್ನೆ ಚೆನ್ನ, ವಿವರಣೆ ದಾರಿ ತಪ್ಪಿಸುತ್ತದೆ

ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ, ಎಸಿಟಿಗೆ ಓದುವವರ ಫೋನಿನಲ್ಲಿ ಕಾಣುವ ಚಂದಾ ಆಪ್‌ಗಳಲ್ಲಿ ಇದೂ ಒಂದು. ಎಷ್ಟು ಪ್ರಶ್ನೆ, ಯಾವ ಫೋನಿಗೆ ಹೊಂದುತ್ತದೆ ಎಂಬುದೆಲ್ಲ ಡೌನ್‌ಲೋಡ್ ಪುಟದಲ್ಲೇ ಇದೆ. ದಿನಕ್ಕೆ ಹತ್ತು ಪ್ರಶ್ನೆಯಂತೆ ಎಂಟು ತಿಂಗಳು ಬಳಸಿದ ಮೇಲೆ ಹೇಳಬೇಕೆನಿಸಿದ್ದು ಪ್ಯಾರಲಲ್ ಸ್ಟ್ರಕ್ಚರ್ (ಪಟ್ಟಿಯ ತುಂಡುಗಳಿಗೆಲ್ಲ ಒಂದೇ ವ್ಯಾಕರಣ ರೂಪ) ಮತ್ತು ವರ್ಬ್ ಟೆನ್ಸ್ (ಕ್ರಿಯಾಪದದ ಕಾಲ) ವಿಭಾಗಗಳ ಬಗ್ಗೆ ಮಾತ್ರ.

ಮೊದಲು ಖುಷಿಯ ಸಂಗತಿ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನ್‌ಗಳನ್ನು ಮುಚ್ಚುವ ಗುಂಡಿಯಿದೆ. ನಾಲ್ಕೂ ಆಪ್ಷನ್ ಮೊದಲೇ ಕಂಡರೆ ಕಿವಿಗೆ ಇಂಪಾದದ್ದನ್ನು ಒತ್ತುವ ಚಾಳಿ ಬೀಳುತ್ತದೆ. ಮುಚ್ಚಿದರೆ ವಾಕ್ಯ ಓದದೆ ಗತಿಯಿಲ್ಲ. ‘ಅಂಡ್’, ‘ಆರ್’, ‘ಬಟ್’ ಎಲ್ಲಿದೆ ಹುಡುಕಿ. ಖಾಲಿ ಜಾಗದ ಹೊರಗೆ ಅದಕ್ಕೆ ಜೋಡಿಯಾಗಿ ನಿಂತ ಪದದ ರೂಪ ನೋಡಿ. ಆ ಪದವನ್ನು ಬದಲಿಸುವ ಹಕ್ಕು ನಿಮಗಿಲ್ಲ, ಹಾಗಾಗಿ ಅದೇ ಅಳತೆಗೋಲು. ಆಮೇಲೆ ಕಾಲಸೂಚಕ: ‘ಸಿನ್ಸ್ 2010’ ಎಂದಿದ್ದರೆ ‘ಹ್ಯಾಸ್’ ಕಡೆ, ‘ಬೈ ದ ಟೈಮ್’ ಜೊತೆ ಭೂತಕಾಲ ಬಂದಿದ್ದರೆ ‘ಹ್ಯಾಡ್’ ಕಡೆ ವಾಲಿ. ಆಪ್ಷನ್ ತೆರೆಯುವುದು ಇದಾದ ಮೇಲೆ. ಡಿಜಿಟಲ್ ಎಸ್‌ಎಟಿಯ ಓದು-ಬರಹ ಭಾಗದಲ್ಲಿ 54 ಪ್ರಶ್ನೆಗೆ 64 ನಿಮಿಷ, ಅಂದರೆ ಒಂದಕ್ಕೆ ಸುಮಾರು 71 ಸೆಕೆಂಡ್. ಈ ರೂಢಿ ಕೂತರೆ ವ್ಯಾಕರಣದ ಪ್ರಶ್ನೆ ಅದರ ಅರ್ಧದಲ್ಲಿ ಮುಗಿದು, ಉಳಿದದ್ದು ಓದುವ ಪ್ರಶ್ನೆಗಳಿಗೆ ಸಿಗುತ್ತದೆ.

‘ಹ್ಯಾಸ್’ನಂಥ ಒಂದೇ ಹೆಲ್ಪಿಂಗ್ ವರ್ಬ್ ಅನ್ನು ಹಲವು ಕ್ರಿಯಾಪದಗಳು ಹಂಚಿಕೊಳ್ಳುವ ಪ್ರಶ್ನೆಗಳು ಇಲ್ಲಿನ ನಿಜವಾದ ಬಂಡವಾಳ. ‘ಬರೆದು, ತಿದ್ದಿ, ಹಾಡಿದ್ದಾಳೆ’ ಎನ್ನುವಾಗ ಕನ್ನಡದಲ್ಲಿ ಕಾಲ ಕೂತಿರುವುದು ಕೊನೆಯ ಕ್ರಿಯಾಪದದ ಮೇಲೆ. ಇಂಗ್ಲಿಷಿನಲ್ಲಿ ಉಲ್ಟಾ. ‘ಷಿ ಹ್ಯಾಸ್ ಕಂಪೋಸ್ಡ್, ರಿವೈಸ್ಡ್, ಅಂಡ್ ಸಂಗ್’ ಎಂಬಲ್ಲಿ ಮೊದಲಲ್ಲಿ ಒಮ್ಮೆ ಬಂದ ‘ಹ್ಯಾಸ್’ ಮೂರನ್ನೂ ಹೊರುತ್ತದೆ. ಮೊದಲೆರಡರಲ್ಲಿ ಭೂತಕಾಲಕ್ಕೂ ಪಾಸ್ಟ್ ಪಾರ್ಟಿಸಿಪಲ್‌ಗೂ (‘ಹ್ಯಾಸ್’ ಜೊತೆ ಬರುವ ರೂಪ) ಒಂದೇ ರೂಪ, ಆದ್ದರಿಂದ ಕಣ್ಣು ಮೋಸ ಹೋಗಿ ಮೂರನೆಯದಕ್ಕೆ ‘ಸ್ಯಾಂಗ್’ ಆರಿಸಿಬಿಡುತ್ತದೆ. ಈ ಗುಂಡಿಗೆ ಆಪ್ ಬೇರೆ ಬೇರೆ ಕ್ರಿಯಾಪದಗಳಿಂದ ಮತ್ತೆ ಮತ್ತೆ ಬೀಳಿಸುತ್ತದೆ. ಬೀಳಲಿ, ಪರೀಕ್ಷೆಯಲ್ಲಿ ಬೀಳುವುದಕ್ಕಿಂತ ವಾಸಿ.

ಇಷ್ಟು ಚೆನ್ನಾಗಿ ಪ್ರಶ್ನೆ ಕಟ್ಟಿದವರೇ ವಿವರಣೆಯನ್ನೂ ಬರೆದರೇ ಎಂಬ ಅನುಮಾನ ಮೂರನೇ ತಿಂಗಳಿಗೆ ಶುರುವಾಗುತ್ತದೆ. ಈ ಮಾದರಿಯ ವಾಕ್ಯ ನೋಡಿ: ‘ದ ಬ್ರಿಡ್ಜ್ ವಾಸ್ ಬಿಲ್ಟ್ ಇನ್ 1912, ವಾಸ್ ವೈಡನ್ಡ್ ಇನ್ 1960, ಅಂಡ್ ನೌ ಕ್ಯಾರೀಸ್ ಓನ್ಲಿ ಸೈಕಲ್ಸ್’. ಅಪ್ಪಟ ಸರಿ. ಆಪ್ ಮಾತ್ರ ‘ಕ್ಯಾರೀಸ್’ಗೆ ಕೆಂಪು ಬಳಿದು ‘ಕ್ಯಾರೀಡ್’ ಬೇಕು ಎನ್ನುತ್ತದೆ. ಕಾರಣ, ಪಟ್ಟಿಯಲ್ಲಿ ಟೆನ್ಸ್ ಒಂದೇ ಇರಬೇಕಂತೆ! ಪ್ಯಾರಲಲ್ ಸ್ಟ್ರಕ್ಚರ್ ಕೇಳುವುದು ಒಂದೇ ವ್ಯಾಕರಣ ರೂಪವನ್ನು, ಒಂದೇ ಕಾಲವನ್ನಲ್ಲ. ಕಾಲವನ್ನು ತೀರ್ಮಾನಿಸುವುದು ‘ನೌ’. ಒಂದೆರಡು ಪ್ರಶ್ನೆಯಾಗಿದ್ದರೆ ಅಚ್ಚಿನ ತಪ್ಪು ಎನ್ನಬಹುದಿತ್ತು. ಎರಡೂ ವಿಭಾಗಗಳಲ್ಲಿ ಇದೇ ಸೂತ್ರ ತಲೆ ಎತ್ತುತ್ತದೆ. ಇದನ್ನು ನಂಬಿ ಎಸಿಟಿಗೆ ಕೂತವರು ‘ನೋ ಚೇಂಜ್’ (ಬದಲಾವಣೆ ಬೇಡ) ಎಂಬ ಆಪ್ಷನ್ ಒತ್ತಬೇಕಾದ ಕಡೆ ಸರಿಯಿದ್ದದ್ದನ್ನು ಕೆಡಿಸಿ ಅಂಕ ಕಳೆದುಕೊಳ್ಳುತ್ತಾರೆ. ತಪ್ಪು ವರದಿ ಮಾಡಿದರೆ ‘ಪರಿಶೀಲಿಸಲಾಗಿದೆ’ ಎಂಬ ಉತ್ತರ ಬರುತ್ತದೆ, ಪ್ರಶ್ನೆ ಹಾಗೇ ಇರುತ್ತದೆ.

ಆಪ್ ಈಗಾಗಲೇ ಕೊಂಡಿದ್ದರೆ ವಿವರಣೆಯನ್ನು ಹೀಗೆ ಒರೆಗೆ ಹಚ್ಚಿ: ಪಟ್ಟಿಯ ಪ್ರತಿ ತುಂಡಿಗೂ ಕರ್ತೃಪದ ಸೇರಿಸಿ ಬೇರೆ ವಾಕ್ಯ ಮಾಡಿ. ‘ದ ಬ್ರಿಡ್ಜ್ ನೌ ಕ್ಯಾರೀಸ್’ ತನ್ನ ಕಾಲ ಮೇಲೆ ನಿಲ್ಲುತ್ತದೆ. ‘ದ ಬ್ರಿಡ್ಜ್ ಟು ಕ್ಯಾರಿ’ ನಿಲ್ಲುವುದಿಲ್ಲ. ಹಂಚಿಕೊಂಡ ‘ಹ್ಯಾಸ್’ ಇದ್ದರೆ ಅದನ್ನೂ ಪ್ರತಿ ತುಂಡಿಗೆ ಹಚ್ಚಿಕೊಳ್ಳಿ.

ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ಗಾಗಿ ಕೊಳ್ಳಲೇಬೇಡಿ. 2023ರ ಕೊನೆಗೆ ಬಂದ ಹೊಸ ಜಿಮ್ಯಾಟ್‌ನಲ್ಲಿ ಸೆಂಟೆನ್ಸ್ ಕರೆಕ್ಷನ್ (ವಾಕ್ಯ ತಿದ್ದುವ ಪ್ರಶ್ನೆ) ಇಲ್ಲವೇ ಇಲ್ಲ, ಇಲ್ಲಿ ಇನ್ನೂ ಅದರದೇ ಒಂದು ದೊಡ್ಡ ಕಂತೆಯಿದೆ. ಎಸ್‌ಎಟಿಯವರಿಗೆ ಅಧಿಕೃತ ಬ್ಲೂಬುಕ್ ಆಪ್‌ನ ಉಚಿತ ಅಭ್ಯಾಸ ಪರೀಕ್ಷೆಗಳೇ ಮೊದಲು. ಅವು ಮುಗಿದ ಮೇಲೆ ಇದಕ್ಕೆ ಎರಡು ತಿಂಗಳ ಚಂದಾ ಸಾಕು, ವರ್ಷದ್ದು ದಂಡ. ಐದಕ್ಕೆ ಮೂರು ನಕ್ಷತ್ರ, ಮೂರೂ ಆ ಮುಚ್ಚುವ ಗುಂಡಿಗೆ ಮತ್ತು ‘ಹ್ಯಾಸ್’ ಪ್ರಶ್ನೆಗಳಿಗೆ. ವಿವರಣೆಯನ್ನೂ ಮುಚ್ಚುವ ಗುಂಡಿ ಇನ್ನೂ ಬಂದಿಲ್ಲ.