ಎಡವಿದ ಗುರುವನ್ನು ಕಾಣದ ಟಿಪ್ಪಣಿಗಳು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ 120 ರೂಪಾಯಿಗೆ ಕೊಂಡ, ವಿದ್ಯಾರ್ಥಿಗಳಿಗೆಂದೇ ಸಿದ್ಧಪಡಿಸಿದ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಟಿಪ್ಪಣಿಸಹಿತ ಆವೃತ್ತಿಯಿದು. ಎಡಪುಟದಲ್ಲಿ ಅರ್ಥ, ಬಲಪುಟದಲ್ಲಿ ಮೂಲ ಇರುವುದರಿಂದ ಕಠಿಣ ಪದಗಳಿಗಾಗಿ ಕೊನೆಯ ಪುಟಗಳನ್ನು ತಡಕುವ ಕಷ್ಟವಿಲ್ಲ. ಬೈಂಡಿಂಗ್ ಮಾತ್ರ ಎರಡನೆಯ ಓದಿಗೇ ಸಡಿಲವಾಯಿತು. ಅದನ್ನು ಸಹಿಸಬಹುದು. ರೋಮಿಯೋನ ಗುರು ಫ್ರೈಯರ್ ಲಾರೆನ್ಸನಿಗೆ ಆಗಿರುವ ಅನ್ಯಾಯವನ್ನು ಸಹಿಸುವುದು ಕಷ್ಟ.

ಪೀಠಿಕೆಯು ಈ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ವಿಧಿಯ ಮುಂದೆ ಸೋತ ವಿವೇಕಿಯೆಂದು ಒಂದೇ ಪ್ಯಾರಾದಲ್ಲಿ ಮುಗಿಸಿಬಿಡುತ್ತದೆ. ನಾಟಕಕ್ಕೆ ಆಕರವಾದ 1562ರ ಕಾವ್ಯದ ಮುನ್ನುಡಿಯಲ್ಲಿ ಆರ್ಥರ್ ಬ್ರೂಕ್ ಇಂಥ ಸನ್ಯಾಸಿಗಳನ್ನು ಹಳಿದಿದ್ದನ್ನೂ, ಶೇಕ್ಸ್‌ಪಿಯರ್ ಅದನ್ನು ಕೈಬಿಟ್ಟು ಒಳ್ಳೆಯ ಮನಸ್ಸಿನ ಮುದುಕನನ್ನು ತಂದದ್ದನ್ನೂ ಸಂಪಾದಕರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಒಳ್ಳೆಯ ಮನಸ್ಸು ಇಲ್ಲಿ ಮಾಡುವ ಕೆಡುಕಿನ ಕಡೆಗೆ ಅವರ ದೃಷ್ಟಿ ಹರಿದಿಲ್ಲ.

ಗಿಡಮೂಲಿಕೆಯ ಬುಟ್ಟಿ ಹಿಡಿದು ಮೊದಲ ಬಾರಿಗೆ ರಂಗಕ್ಕೆ ಬರುವಾಗಲೇ, ಒಂದೇ ಹೂವಿನಲ್ಲಿ ವಿಷವೂ ಔಷಧವೂ ಇವೆಯೆಂದು ಹೇಳುವವನು ಲಾರೆನ್ಸ್. ಅವಸರದಲ್ಲಿ ಓಡುವವರು ಎಡವುತ್ತಾರೆಂದು ರೋಮಿಯೋಗೆ ಬುದ್ಧಿ ಹೇಳಿ, ಎರಡು ಮನೆತನಗಳ ಹಗೆ ಈ ಮದುವೆಯಿಂದ ತೀರೀತೆಂಬ ಆಸೆಗೆ ಬಿದ್ದು, ಅದೇ ದಿನ, ಹೆತ್ತವರಿಗೆ ತಿಳಿಯದಂತೆ ಮದುವೆ ಮಾಡಿಸುವವನೂ ಅವನೇ. ಮುಂದೆ, ಮನೆಯವರು ಗೊತ್ತುಮಾಡಿದ ಇನ್ನೊಂದು ಮದುವೆಯನ್ನು ತಪ್ಪಿಸಲೆಂದು, ಇನ್ನೂ ಹದಿನಾಲ್ಕು ತುಂಬದ ಜೂಲಿಯೆಟ್‌ಳ ಕೈಗೆ 42 ಗಂಟೆಗಳ ಕಾಲ ಸತ್ತಂತೆ ಮಲಗಿಸುವ ಮದ್ದನ್ನು ಕೊಡುತ್ತಾನೆ. ಅವಳ ತಂದೆಯ ಬಳಿಗೆ ಹೋಗಿ ನಿಜ ಹೇಳುವ ದಾರಿ ಅವನಿಗೆ ಹೊಳೆಯುವುದೇ ಇಲ್ಲ. ಈ ಉಪಾಯವನ್ನು ಗಡೀಪಾರಾಗಿದ್ದ ರೋಮಿಯೋಗೆ ತಿಳಿಸುವ ಪತ್ರ ಹೊತ್ತ ಫ್ರೈಯರ್ ಜಾನನನ್ನು ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕಿದ್ದರಿಂದ ಪತ್ರ ತಲುಪದೇ ಹೋದದ್ದು ವಿಧಿಯಿರಬಹುದು, ಆದರೆ ಎರಡು ಜೀವಗಳನ್ನು ಒಂದು ಪತ್ರಕ್ಕೆ ತೂಗುಹಾಕಿದ್ದು ವಿಧಿಯಲ್ಲ. ಕೊನೆಯ ಅಂಕದಲ್ಲಿ ಸ್ಮಶಾನಕ್ಕೆ ಓಡೋಡಿ ಬರುವ ಲಾರೆನ್ಸ್, ತನ್ನ ಮುದಿ ಕಾಲುಗಳು ಗೋರಿಗಳಿಗೆ ಎಡವುತ್ತಿವೆಯೆಂದು ಹಲುಬುತ್ತಾನೆ. ಹಿಂದೆ ತಾನು ಕೊಟ್ಟ ಎಚ್ಚರಿಕೆಯ ಪದವೇ ಅವನ ಕಾಲಿಗೆ ತೊಡರಿದೆ. ಟಿಪ್ಪಣಿ ಇಲ್ಲಿ ಗೋರಿಗಳ ಬಗ್ಗೆ ವಿವರಿಸುತ್ತದೆ, ಎಡವಿದ್ದರ ಬಗ್ಗೆ ಚಕಾರವೆತ್ತುವುದಿಲ್ಲ.

ಭಾಷೆಯ ತೊಡಕು ಬಿಡಿಸಿಕೊಳ್ಳಲು ಈ ಪ್ರತಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಪೀಠಿಕೆಯನ್ನು ನಾಟಕ ಓದಿ ಮುಗಿಸಿದ ಮೇಲೆ ನೋಡುವುದು ಲೇಸು. ಸದ್ದಿಗೆ ಹೆದರಿ ಜೂಲಿಯೆಟ್‌ಳನ್ನು ಗೋರಿಯಲ್ಲೇ ಬಿಟ್ಟು ಹೋದ ಲಾರೆನ್ಸ್, ಚುಟುಕಾಗಿ ಹೇಳುತ್ತೇನೆಂದು ತೊಡಗಿ ಸುಮಾರು 40 ಸಾಲು ತಪ್ಪೊಪ್ಪಿಗೆ ನುಡಿದಾಗ, ಮಿಕ್ಕವರ ಸಾಕ್ಷ್ಯ ಕೇಳುವ ಮೊದಲೇ ಊರನ್ನಾಳುವ ರಾಜಕುಮಾರ ‘ನೀನು ಎಂದಿಗೂ ಪವಿತ್ರ ಪುರುಷನೆಂದೇ ನಾವು ಬಲ್ಲೆವು’ ಎಂದುಬಿಡುತ್ತಾನೆ. ಆ ಸಾಲಿನೆದುರು ಎಡಪುಟದಲ್ಲಿರುವುದು ಇಷ್ಟೇ: ಮೂಲದ ‘ಸ್ಟಿಲ್’ ಎಂದರೆ ‘ಯಾವಾಗಲೂ’.